ಕಾನ್ರಾಡ್ ಶ್ಲಂಬರ್ಜೆ ಮತ್ತು ನೆಲದೊಳಗಿನ ವಿದ್ಯುತ್ತು

ಬೇಸಿಗೆ ಬಲಿಯತೊಡಗಿತೆಂದರೆ ಆದೋನಿ, ಆಲೂರು, ಆಸ್ಪರಿ, ಹೊಳಗುಂದ, ಪತ್ತಿಕೊಂಡ ಸೀಮೆಯ ಹೊಲಗಳಲ್ಲಿ ಒಂದು ನೋಟ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಹೊಲದ ನಡುವೆ ಒಂದು ಪೆಟ್ಟಿಗೆ; ಅದರ ಇಕ್ಕೆಲಕ್ಕೂ ಚಾಚಿಕೊಂಡ ತಂತಿ; ಒಂದೇ ಸಾಲಿನಲ್ಲಿ ನೆಟ್ಟ ನಾಲ್ಕು ಲೋಹದ ಸಲಾಕೆ. ನಡುವಿನ ಎರಡು ಸಲಾಕೆಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತವೆ. ಹೊರಗಿನ ಎರಡನ್ನು ಆಳುಗಳು ಕಿತ್ತು ಕಿತ್ತು ಇನ್ನೂ ದೂರಕ್ಕೆ ನೆಡುತ್ತ ಹೋಗುತ್ತಾರೆ. ಸಲಾಕೆಗಳು ದೂರ ಸರಿದಷ್ಟೂ ವಿದ್ಯುತ್ತು ಆಳಕ್ಕೆ ಇಳಿಯುತ್ತದೆ. ಆಳದ ಕಲ್ಲು ಎಷ್ಟು ಅಡ್ಡಿಯೊಡ್ಡುತ್ತದೆಂಬ ಲೆಕ್ಕ ಪೆಟ್ಟಿಗೆಗೆ ಬರುತ್ತದೆ. ಸಂಜೆಯ ಹೊತ್ತಿಗೆ ಒಂದು ಜಾಗಕ್ಕೆ ಸುಣ್ಣದ ಗುರುತು ಬೀಳುತ್ತದೆ. ಆ ಗುರುತಿನ ಮೇಲೆ ಸಾಲ ಹುಟ್ಟುತ್ತದೆ, ಕೊರೆಯುವ ಲಾರಿ ಬರುತ್ತದೆ, ನಮ್ಮ ಹಾಜರಿ ಪುಸ್ತಕದಲ್ಲಿ ಒಬ್ಬಿಬ್ಬರು ವಿದ್ಯಾರ್ಥಿಗಳ ಹೆಸರಿನ ಮುಂದೆ ಗೈರು ಬೀಳುತ್ತದೆ.

ಸಲಾಕೆಗಳ ಈ ಜೋಡಣೆಗೆ ಅಂತರ್ಜಲ ಶೋಧಿಸುವವರು ಸ್ಲಂಬರ್ಜರ್ ವಿಧಾನವೆನ್ನುತ್ತಾರೆ. ಅದು ಯಂತ್ರದ ಹೆಸರೆಂದೋ ಕಂಪನಿಯ ಹೆಸರೆಂದೋ ತಿಳಿದವರೇ ಹೆಚ್ಚು. ಕಂಪನಿಯೂ ಉಂಟು, ಆದರೆ ಅದಕ್ಕಿಂತ ಮೊದಲು ಅದೊಬ್ಬ ಅಧ್ಯಾಪಕನ ಹೆಸರು. ಫ್ರೆಂಚರ ಬಾಯಲ್ಲಿ ಶ್ಲಂಬರ್ಜೆ. ನಮ್ಮ ಸೀಮೆಯ ಹೊಲಹೊಲದಲ್ಲಿ ಹೆಸರು ಉಳಿಸಿಕೊಂಡೂ ಇಲ್ಲಿನ ಯಾರಿಗೂ ಪರಿಚಯವಿಲ್ಲದ ಈ ಮನುಷ್ಯನ ಬಾಳನ್ನು ವಿಭಾಗದ ವಾರ್ತಾಪತ್ರದ ಓದುಗರ ಮುಂದಿಡುವುದು ಅಪ್ರಸ್ತುತವಾಗಲಾರದು.

ಕಾನ್ರಾಡ್ ಶ್ಲಂಬರ್ಜೆ ಹುಟ್ಟಿದ್ದು 1878ರ ಅಕ್ಟೋಬರ್ 2ರಂದು, ಆಲ್ಸೇಸ್ ಪ್ರಾಂತದ ಗೆಬ್ವಿಲರ್ ಎಂಬ ಊರಿನಲ್ಲಿ. ಅದೇ ಕಾಲಕ್ಕೆ ಆದೋನಿಯನ್ನೊಳಗೊಂಡ ಬಳ್ಳಾರಿ ಜಿಲ್ಲೆ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಿಂದ ಆಗಷ್ಟೇ ಹೊರಬರುತ್ತಿತ್ತು. ಬಾವಿಗಳು ಬತ್ತಿ ಊರುಗಳು ಪಾಳು ಬಿದ್ದಿದ್ದವು. ಗೆಬ್ವಿಲರಿನದು ಬೇರೆಯೇ ಬಗೆಯ ಸಂಕಟ. 1871ರ ಯುದ್ಧದಲ್ಲಿ ಫ್ರಾನ್ಸ್ ಸೋತು ಆಲ್ಸೇಸ್ ಜರ್ಮನಿಯ ಪಾಲಾಗಿತ್ತು. ಮನೆಯೊಳಗೆ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು. ಊರು ಇದ್ದಲ್ಲಿಯೇ ಇದ್ದರೂ ರಾಜ್ಯ ಬದಲಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಆದೋನಿ, ಆಲೂರು ತಾಲ್ಲೂಕುಗಳ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮರಾಠಿ ಶಾಲೆಯ ಬೆಂಚಿನ ಮೇಲೂ ಕನ್ನಡ ಶಾಲೆಯ ಬೆಂಚಿನ ಮೇಲೂ ಕುಳಿತು ಕಲಿತ ನನ್ನಂಥವನಿಗೂ ಬೇಕಾಗಿಲ್ಲ.

ಮನೆತನ ಅನುಕೂಲಸ್ಥರದು, ಪ್ರೊಟೆಸ್ಟೆಂಟ್ ಪಂಥದ್ದು. ಹತ್ತಿ ಮತ್ತು ನೂಲಿನ ಉದ್ದಿಮೆಯಿಂದ ಬಂದ ಸಂಪತ್ತು. ಹತ್ತಿಯ ಪೇಟೆಯಾದ ನಮ್ಮ ಆದೋನಿಗೆ ಇಷ್ಟೊಂದು ನಂಟು ಸಾಕು. ತಂದೆ ಪಾಲ್. ತಾಯಿ ಮಾರ್ಗರೀತ್ ದ ವಿತ್, ಫ್ರಾನ್ಸಿನ ಮಂತ್ರಿಯೂ ಇತಿಹಾಸಕಾರನೂ ಆಗಿದ್ದ ಗಿಜೋನ ಮೊಮ್ಮಗಳು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದ ಫ್ರೆಂಚ್ ಒಕ್ಕೂಟಕ್ಕೆ ಆಕೆ 1913ರಿಂದ 1924ರಲ್ಲಿ ತೀರಿಕೊಳ್ಳುವವರೆಗೂ ಅಧ್ಯಕ್ಷೆ. ಆ ಹಕ್ಕು ದೊರೆತದ್ದು 1944ರಲ್ಲಿ. ಆಕೆ ಅದನ್ನು ಕಾಣಲಿಲ್ಲ. ಹಿರಿಯ ಮಗ ಜಾನ್ ಸಾಹಿತಿ. ಆಂದ್ರೆ ಜೀದ್ ಮೊದಲಾದವರೊಡನೆ ಸೇರಿ ನೂವೆಲ್ ರೆವ್ಯೂ ಫ್ರಾನ್ಸೇಸ್ ಎಂಬ ಹೆಸರಾಂತ ಸಾಹಿತ್ಯ ಪತ್ರಿಕೆಯನ್ನು ಕಟ್ಟಿದವರಲ್ಲಿ ಒಬ್ಬ. ಸಾಹಿತ್ಯ ವಿಭಾಗದವರಾದ ನಾವು ಅಣ್ಣನ ಕಥೆಯನ್ನೇ ಹೇಳಬೇಕಾಗಿತ್ತು. ಆದರೆ ಜಾನ್ ಬರೆದದ್ದು ಆಲೂರಿನ ಹೊಲಗಳಿಗೆ ತಲುಪಲಿಲ್ಲ. ಎರಡನೆಯ ಮಗ ಕಾನ್ರಾಡನ ಸಲಾಕೆಗಳು ತಲುಪಿವೆ.

ಮಕ್ಕಳು ಜರ್ಮನ್ ಸೈನ್ಯಕ್ಕೆ ಸೇರಬಾರದು, ಫ್ರೆಂಚರಾಗಿಯೇ ಬೆಳೆಯಬೇಕೆಂಬ ಹಟದಿಂದ ಅವರನ್ನು ಪ್ಯಾರಿಸಿಗೆ ಕಳುಹಿಸಲಾಯಿತು. ಕಾನ್ರಾಡ್ 1898ರಲ್ಲಿ ಎಕೋಲ್ ಪೊಲಿತೆಕ್ನಿಕ್ ಸೇರಿ, ಅನಂತರ ಗಣಿ ವಿದ್ಯಾಲಯದಲ್ಲಿ ಕಲಿತು, 1907ರಲ್ಲಿ ಅದೇ ಗಣಿ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಗಣಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವವನಿಗೆ ಒಂದು ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ: ಅಗೆಯದೆ ಒಳಗೇನಿದೆಯೆಂದು ತಿಳಿಯುವುದು ಹೇಗೆ? ಆ ಕಾಲದ ಭೂವಿಜ್ಞಾನಿಯ ಸಾಧನ ಕಾಲು, ಕಣ್ಣು, ಸುತ್ತಿಗೆ. ನಮ್ಮ ಸೀಮೆಯನ್ನೇ ತೆಗೆದುಕೊಳ್ಳಿ. ಆದೋನಿ, ಆಲೂರುಗಳೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಬಂಡೆಗಳನ್ನು ರಾಬರ್ಟ್ ಬ್ರೂಸ್ ಫೂಟ್ ಸುತ್ತಿ ನೋಡಿ ಬರೆದ ಬೃಹತ್ ವರದಿ ಹೊರಬಂದದ್ದು 1895ರಲ್ಲಿ. ಬಯಲಿಗೆ ತಲೆಯೆತ್ತಿದ ಕಲ್ಲನ್ನು ಆತ ಓದಿದ. ಎರೆಮಣ್ಣಿನ ಕೆಳಗೆ ಅಡಗಿದ ಬಿರುಕನ್ನು ಓದುವ ವಿದ್ಯೆ ಆಗ ಯಾರಲ್ಲಿಯೂ ಇರಲಿಲ್ಲ.

ಕಾನ್ರಾಡರು ತಮ್ಮ ವಿದ್ಯೆಯನ್ನು ಕಟ್ಟಿದ್ದು ಒಂದು ಸ್ನಾನದ ತೊಟ್ಟಿಯಲ್ಲಿ. ತಾಮ್ರದ ತೊಟ್ಟಿ, ಅದರ ತುಂಬ ಒದ್ದೆ ಮರಳು. ಮರಳಿಗೆ ವಿದ್ಯುತ್ತನ್ನು ಹರಿಸಿ, ಮೇಲ್ಮೈಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ವಿಭವವಿದೆಯೆಂದು ಅಳೆದರು. ಒಳಗೆ ಬೇರೆ ವಸ್ತುವನ್ನು ಹೂತಾಗ ಮೇಲಿನ ಗೆರೆಗಳು ಬಾಗುವುದು ಕಂಡಿತು. 1912ರ ಬೇಸಿಗೆಯಲ್ಲಿ ಅದೇ ಪ್ರಯೋಗವನ್ನು ತೊಟ್ಟಿಯಿಂದ ಹೊಲಕ್ಕೆ ಕೊಂಡೊಯ್ದರು. ನಾರ್ಮಂಡಿಯ ವಾಲ್-ರಿಶೆಯಲ್ಲಿ ಗಿಜೋನ ಕಾಲದಿಂದ ಬಂದ ಕುಟುಂಬದ ತೋಟವಿತ್ತು. ಹೆಂಡತಿ ಲೂಯೀಸ್ ನೆರವಾದರು. ಹೀಗೆ ನೆಲದ ಮೇಲಿನ ಸಮವಿಭವ ರೇಖೆಗಳ ಮೊದಲ ನಕ್ಷೆ ಮೂಡಿತು.

ವಿಭವವೆಂಬ ಪಾರಿಭಾಷಿಕ ಪದದ ಬಗ್ಗೆ ಒಂದು ಮಾತು. ಹಳಗನ್ನಡ ಓದುವವರಿಗೆ ಅದು ವೈಭವ, ಐಸಿರಿ. ಪಂಚಾಂಗ ನೋಡುವವರಿಗೆ ಪ್ರಭವದ ಮುಂದಿನ ಸಂವತ್ಸರ. ಭೌತಶಾಸ್ತ್ರದ ಕನ್ನಡದಲ್ಲಿ ಅದು ವಿದ್ಯುತ್ತಿನ ಮಟ್ಟ. ನೀರು ಮೇಲಿನಿಂದ ಕೆಳಕ್ಕೆ ಹರಿಯುವಂತೆ ವಿದ್ಯುತ್ತು ಹೆಚ್ಚು ವಿಭವದಿಂದ ಕಡಿಮೆ ವಿಭವಕ್ಕೆ ಹರಿಯುತ್ತದೆ. ಪದ ಒಗ್ಗಿದ ಮೇಲೆ ಮುಂದಿನದು ಸುಲಭ.

ಹೊಲಕ್ಕಿಳಿದ ಮೇಲೆ ತೊಟ್ಟಿಯಲ್ಲಿ ಎದುರಾಗದ ತೊಡಕೊಂದು ಎದುರಾಯಿತು. ತಾವು ವಿದ್ಯುತ್ತನ್ನು ಹರಿಸದೆ ಇದ್ದಾಗಲೂ ಎರಡು ಸಲಾಕೆಗಳ ನಡುವೆ ವಿಭವದ ಅಂತರ ಇದ್ದೇ ಇರುತ್ತಿತ್ತು. ನೆಲ ಸುಮ್ಮನಿರಲಿಲ್ಲ. ಇದು ಪೂರ್ತಿ ಹೊಸ ಸಂಗತಿಯೇನೂ ಅಲ್ಲ. 1830ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತಾಮ್ರದ ಗಣಿಗಳಲ್ಲಿ ರಾಬರ್ಟ್ ವೇರ್ ಫಾಕ್ಸ್ ಎಂಬವರು ಅದಿರಿನ ಎಳೆಗಳಲ್ಲಿ ತಾನಾಗಿ ಹರಿಯುವ ವಿದ್ಯುತ್ತನ್ನು ಕಂಡಿದ್ದರು. 1859ರಲ್ಲಿ ಜರ್ಮನಿಯ ಕ್ವಿಂಕೆ ಸರಂಧ್ರ ಮಣ್ಣಿನ ಬಿಲ್ಲೆಯ ಮೂಲಕ ನೀರನ್ನು ಒತ್ತಿ ಹಾಯಿಸಿ, ಬಿಲ್ಲೆಯ ಎರಡು ಕಡೆಗಳ ನಡುವೆ ವಿದ್ಯುತ್ತು ಹುಟ್ಟುವುದನ್ನು ತೋರಿಸಿದ್ದರು. ನಮಗೆ ಬೇಕಾದದ್ದು ಈ ಎರಡನೆಯದು. ಇಲ್ಲಿ ಸ್ವಲ್ಪ ನಿಲ್ಲೋಣ.

ಮರಳಿನ ಕಣವೊಂದು ನೀರಿನಲ್ಲಿ ನೆನೆದಾಗ ಅದರ ಮೈ ಸಾಮಾನ್ಯವಾಗಿ ಋಣ ವಿದ್ಯುದಂಶ ಪಡೆಯುತ್ತದೆ. ಅದಕ್ಕೆ ಮರುಳಾಗಿ ನೀರಿನಲ್ಲಿ ಕರಗಿರುವ ಧನ ಅಯಾನುಗಳು ಕಣದ ಸುತ್ತ ಮುತ್ತಿಕೊಳ್ಳುತ್ತವೆ. ತೀರ ಹತ್ತಿರದವು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ತುಸು ಹೊರಗಿನವು ಸಡಿಲವಾಗಿ. ನೀರು ನಿಂತಿರುವ ತನಕ ಎಲ್ಲವೂ ಸಮ. ನೀರು ಚಲಿಸತೊಡಗಿದೊಡನೆ ಸಡಿಲವಾದವುಗಳನ್ನು ತನ್ನೊಡನೆ ಎಳೆದೊಯ್ಯುತ್ತದೆ. ಕಣದಲ್ಲಿ ರಾಶಿ ತೂರುವಾಗ ಕಾಳು ಅಲ್ಲಿಯೇ ಬಿದ್ದು ಹೊಟ್ಟು ಗಾಳಿಯೊಡನೆ ಸಾಗುವುದಿಲ್ಲವೇ, ಹಾಗೆ. ಹೊಟ್ಟು ಹೋಗಿ ಬೀಳುವ ಕಡೆ ಧನ, ಬಿಟ್ಟು ಬಂದ ಕಡೆ ಋಣ. ಅಂತರ ದೊಡ್ಡದಲ್ಲ, ಕೆಲವು ಮಿಲಿವೋಲ್ಟಿನಿಂದ ಕೆಲವು ಹತ್ತು ಮಿಲಿವೋಲ್ಟಿನವರೆಗೆ. ಬ್ಯಾಟರಿ ದೀಪದ ಒಂದು ಶೆಲ್ಲು 1500 ಮಿಲಿವೋಲ್ಟು. ಆದರೂ ಅದು ಅಳತೆಗೆ ಸಿಗುತ್ತದೆ. ಮಳೆ ನೀರು ಬೆಟ್ಟದ ನೆತ್ತಿಯಲ್ಲಿ ಇಂಗಿ ಬುಡದಲ್ಲಿ ಒಸರುವ ಕಡೆ ನೆತ್ತಿ ಋಣವಾಗಿಯೂ ಬುಡ ಧನವಾಗಿಯೂ ಇರುವುದು ವಾಡಿಕೆ. ಬಾವಿಯಿಂದ ನೀರೆತ್ತಿದಾಗ ಮಟ್ಟ ಕುಸಿಯುತ್ತದೆ, ಸುತ್ತಣ ನೀರು ಬಾವಿಯತ್ತ ಧಾವಿಸುತ್ತದೆ, ಬಾವಿಯ ಬಳಿಯ ನೆಲ ತುಸು ಧನವಾಗುತ್ತದೆ. ಮೋಟಾರು ನಿಂತು ನೀರು ಮರಳಿ ಏರಿದಂತೆ ಆ ಗುರುತು ಮಾಸುತ್ತದೆ. ಅಂದರೆ ನೀರಿನ ಮಟ್ಟದ ಏರಿಳಿತಕ್ಕೆ ನೆಲ ತಾನಾಗಿಯೇ ವಿದ್ಯುತ್ತಿನಲ್ಲಿ ದಾಖಲೆ ಬರೆಯುತ್ತಿರುತ್ತದೆ. ಇದಕ್ಕೆ ಸ್ವಯಂವಿಭವವೆಂದು ಹೆಸರು.

ಕಾನ್ರಾಡರ ಹಿರಿಮೆ ನನಗೆ ಕಾಣುವುದು ಇಲ್ಲಿ. ತಾವು ಕಳುಹಿಸಿದ ವಿದ್ಯುತ್ತಿಗೆ ನೆಲ ಕೊಡುವ ಉತ್ತರವನ್ನು ಅಳೆಯಲು ಹೊರಟವರಿಗೆ ಈ ಸಹಜ ವಿದ್ಯುತ್ತು ಬರಿಯ ಗದ್ದಲ, ಕಳೆದುಬಿಡಬೇಕಾದ ಬಾಕಿ. ಅವರೂ ಕಳೆದರು, ಕಳೆಯದೆ ಲೆಕ್ಕ ಸರಿಹೊಂದುವುದಿಲ್ಲ. ಆದರೆ ಕಳೆದ ಅಂಕಿಯನ್ನು ಎಸೆಯದೆ ಬೇರೆ ಪುಟದಲ್ಲಿ ಬರೆದಿಟ್ಟುಕೊಂಡರು. ಲೋಹದ ಸಲಾಕೆ ಒದ್ದೆ ಮಣ್ಣಿಗೆ ತಾಕಿದಾಗ ತಾನೇ ಒಂದು ಬ್ಯಾಟರಿಯಾಗಿ ಅಳತೆಯನ್ನು ಕೆಡಿಸುತ್ತದೆಂದು ತಿಳಿದು, ಮೈಲುತುತ್ತದ ದ್ರಾವಣ ತುಂಬಿದ ಸುಡುಮಣ್ಣಿನ ಕುಡಿಕೆಯಲ್ಲಿ ತಾಮ್ರದ ಕಡ್ಡಿಯನ್ನಿಟ್ಟು, ಆ ಕುಡಿಕೆಯನ್ನು ನೆಲಕ್ಕೆ ತಾಗಿಸಿ ಅಳೆದರು. 1913ರಲ್ಲಿ ಸರ್ಬಿಯಾದ ಬೋರ್ ಎಂಬಲ್ಲಿ ಈ ಸಹಜ ವಿದ್ಯುತ್ತಿನ ಸುಳಿವು ಹಿಡಿದೇ ತಾಮ್ರದ ಅದಿರನ್ನು ಪತ್ತೆ ಮಾಡಿದರು. ಊರಿನ ಹೆಸರು ನಮ್ಮ ಕಿವಿಗೆ ತಮಾಷೆಯಾಗಿ ಕೇಳುತ್ತದೆ. ಅಲ್ಲಿ ವಿದ್ಯುತ್ತು ಹುಟ್ಟಿಸಿದ್ದು ನೀರಲ್ಲ. ಗಂಧಕ ಬೆರೆತ ಅದಿರು ಮಣ್ಣಿನೊಳಗೆ ನಿಧಾನವಾಗಿ ಕಿಲುಬು ಹಿಡಿಯುತ್ತ ತಾನೇ ದೊಡ್ಡ ಬ್ಯಾಟರಿಯಾಗಿತ್ತು.

ಮರುವರ್ಷ ಯುದ್ಧ ಬಂತು. ಫಿರಂಗಿ ದಳದ ಅಧಿಕಾರಿಯಾಗಿ ಹೋದವರು ಯುದ್ಧದ್ವೇಷಿಯಾಗಿ, ಸಮಾಜವಾದದತ್ತ ಒಲಿದವರಾಗಿ ಹಿಂತಿರುಗಿದರು. ಆಲ್ಸೇಸ್ ಮತ್ತೆ ಫ್ರಾನ್ಸಿಗೆ ಸೇರಿತ್ತು.

1919ರ ನವೆಂಬರಿನಲ್ಲಿ ತಂದೆ ಪಾಲ್ ಇಬ್ಬರು ಮಕ್ಕಳೊಡನೆ ಒಂದು ಕರಾರು ಮಾಡಿಕೊಂಡರು. ಕಾನ್ರಾಡ್ ವಿಜ್ಞಾನಿ, ತಮ್ಮ ಮಾರ್ಸೆಲ್ ಎಂಜಿನಿಯರು. ನೆಲದ ವಿದ್ಯುತ್ತಿನ ಸಂಶೋಧನೆಗೆ ತಂದೆ 5,00,000 ಫ್ರಾಂಕುಗಳವರೆಗೆ ಕೊಡುವುದು. ಲಾಭದ ಲೆಕ್ಕಕ್ಕಿಂತ ಸಂಶೋಧನೆಯ ಹಿತವೇ ಮೇಲಾಗಿರತಕ್ಕದ್ದು ಎಂಬುದು ಕರಾರಿನ ತಿರುಳು. ಮಿಲ್ಲಿನ ಮಾಲೀಕನೊಬ್ಬ ಇಂಥ ಕಾಗದಕ್ಕೆ ರುಜು ಹಾಕಿದನೆಂಬುದು ಆಗಲೂ ಅಪರೂಪದ ಸಂಗತಿಯೇ. 1920ರಲ್ಲಿ ಕಾನ್ರಾಡರ ಪುಸ್ತಕ ಹೊರಬಂತು. ಪ್ಯಾರಿಸಿನ ಸೇಂಟ್ ಡೊಮಿನಿಕ್ ಬೀದಿಯ ಕಚೇರಿಯಿಂದ ಅಳತೆಯ ತಂಡಗಳು ದೇಶದೇಶಗಳಿಗೆ ಹೊರಟವು. 1923ರಲ್ಲಿ ರುಮೇನಿಯದಲ್ಲಿ ತೈಲ ಸೀಮೆಯ ಉಪ್ಪಿನ ಗುಮ್ಮಟವೊಂದರ ನಕ್ಷೆ ತೆಗೆದದ್ದು ಅವುಗಳಲ್ಲಿ ಒಂದು. 1926ರಲ್ಲಿ ಕಂಪನಿ ಸ್ಥಾಪನೆಯಾಯಿತು. ಮುಂದೆ ಅದು ತೈಲದ ಲೋಕದಲ್ಲಿ ಎಷ್ಟು ಬೆಳೆಯಿತೆಂಬುದು ಬೇರೆ ಕಥೆ. ಅದನ್ನು ವಾಣಿಜ್ಯ ವಿಭಾಗದವರಿಗೆ ಬಿಡೋಣ.

1927ರ ಸೆಪ್ಟೆಂಬರ್ 5ರಂದು, ಆಲ್ಸೇಸಿನ ಪೆಶೆಲ್‌ಬ್ರಾನ್ ತೈಲಕ್ಷೇತ್ರದಲ್ಲಿ, ಕಾನ್ರಾಡರ ಅಳಿಯ ಆನ್ರಿ ದಾಲ್ ಮತ್ತು ಇಬ್ಬರು ಜೊತೆಗಾರರು ಸಲಾಕೆಗಳನ್ನು ಕೊಳವೆ ಬಾವಿಯೊಳಕ್ಕೇ ಇಳಿಬಿಟ್ಟರು. ಮೀಟರಿಗೊಮ್ಮೆ ನಿಲ್ಲಿಸಿ ಅಳೆದು ಕೈಯಿಂದಲೇ ಗೆರೆ ಎಳೆದರು. ಜಗತ್ತಿನಲ್ಲಿ ಕೊಳವೆ ಬಾವಿಯೊಂದರ ಒಳಗೋಡೆಯನ್ನು ವಿದ್ಯುತ್ತಿನಿಂದ ಓದಿದ್ದು ಅದೇ ಮೊದಲು. ನಾಲ್ಕು ವರ್ಷಗಳ ಮೇಲೆ, 1931ರಲ್ಲಿ, ಹಳೆಯ ಗದ್ದಲ ಅಲ್ಲಿಯೂ ಕೇಳಿಸಿತು. ವಿದ್ಯುತ್ತು ಹರಿಸದಿದ್ದಾಗಲೂ ತಂತಿಯಲ್ಲಿ ವಿಭವ ಕಾಣಿಸುತ್ತಿತ್ತು. ನೀರು ಅಥವಾ ಎಣ್ಣೆ ನುಸುಳಬಲ್ಲ ಪದರದ ಎದುರು ಬಂದಾಗ ಗೆರೆ ಒಂದು ಕಡೆಗೆ ವಾಲುತ್ತಿತ್ತು, ಜೇಡಿಯ ಎದುರು ಮತ್ತೆ ನೆಟ್ಟಗಾಗುತ್ತಿತ್ತು. ಸೋದರರು ಇದಕ್ಕೆ ಎರಡು ಕಾರಣ ಕೊಟ್ಟರು: ಪದರದೊಳಕ್ಕೆ ನೀರು ಸೋಸುವುದರಿಂದ ಹುಟ್ಟುವ ವಿದ್ಯುತ್ತು ಒಂದು, ಉಪ್ಪಿನಂಶ ಬೇರೆಬೇರೆಯಾದ ನೀರುಗಳು ಸಂಧಿಸುವುದರಿಂದ ಹುಟ್ಟುವುದು ಇನ್ನೊಂದು. ತೈಲದ ಬಾವಿಗಳಲ್ಲಿ ಎರಡನೆಯದೇ ಪ್ರಧಾನವೆಂದು ಮುಂದಿನವರು ತೋರಿಸಿದರು. ಕಾರಣದ ಪಾಲು ಹೇಗೇ ಇರಲಿ, ಗದ್ದಲವೆಂದು ಕಳೆಯುತ್ತಿದ್ದ ಅಂಕಿಗೆ ಅಂದಿನಿಂದ ತನ್ನದೇ ಆದ ಕಾಲಂ ಒಂದು ದೊರೆಯಿತು.

ನಮ್ಮ ಹೊಲಗಳಲ್ಲಿ ಅದಕ್ಕೆ ಇನ್ನೂ ಆ ಕಾಲಂ ದೊರೆತಿಲ್ಲ. ಪೆಟ್ಟಿಗೆಯ ಮುಂದೆ ಕುಳಿತವರು ವಿದ್ಯುತ್ತು ಹರಿಸುವ ಮುನ್ನ ಒಂದು ಗುಂಡಿಯನ್ನು ತಿರುಗಿಸಿ ನೆಲದ ಸ್ವಯಂವಿಭವವನ್ನು ಸೊನ್ನೆಗೆ ತರುತ್ತಾರೆ. ಈಗಿನ ಹೊಸ ಯಂತ್ರಗಳಲ್ಲಿ ಆ ಕೆಲಸ ತಾನಾಗಿಯೇ ಆಗುತ್ತದೆ. ಆಮೇಲೆ ಬರುವ ರೋಧಕತೆಯ ಅಂಕಿಯಷ್ಟೇ ಕಾಗದಕ್ಕೆ ಏರುತ್ತದೆ. ಅದು ತಪ್ಪು ವಿಧಾನವೇನಲ್ಲ. ಆದರೆ ರೋಧಕತೆ ಹೇಳುವುದು ಕಲ್ಲಿನ ಸ್ವಭಾವವನ್ನು. ಒದ್ದೆಯಾದ ಕೊಳೆಗಲ್ಲು ಕಡಿಮೆ ರೋಧ ತೋರಿಸುತ್ತದೆ, ಜೇಡಿಯೂ ಕಡಿಮೆ ರೋಧ ತೋರಿಸುತ್ತದೆ, ಉಪ್ಪುನೀರೂ ಹಾಗೆಯೇ. ಮೇಲೆ ಎರೆಮಣ್ಣು, ಕೆಳಗೆ ಶಿಥಿಲವಾದ ಬೆಣಚು, ಅದರ ಕೆಳಗೆ ಅಲ್ಲಲ್ಲಿ ಬಿರುಕು ಬಿಟ್ಟ ಗಟ್ಟಿ ಬಂಡೆ ಇರುವ ಈ ಸೀಮೆಯಲ್ಲಿ ಇವುಗಳನ್ನು ಬೇರ್ಪಡಿಸುವುದು ಸುಲಭವಲ್ಲ. ನೀರು ಇದೆಯೇ ಎಂಬುದು ಒಂದು ಪ್ರಶ್ನೆ. ಅದು ಚಲಿಸುತ್ತಿದೆಯೇ, ಎತ್ತಿದಷ್ಟು ಮರಳಿ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲ ವರ್ಷ ಧಾರಾಳವಾಗಿ ಸುರಿದು ಮೂರನೆಯ ವರ್ಷ ಕೆಮ್ಮುವ ಬೋರುಗಳನ್ನು ಕಂಡವರಿಗೆ ಈ ಎರಡನೆಯ ಪ್ರಶ್ನೆಯ ಭಾರ ಗೊತ್ತು. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಅದಕ್ಕೆ ಉತ್ತರ ತೆರೆದ ಬಾವಿಯ ಮೆಟ್ಟಿಲಿನ ಮೇಲೆಯೇ ಇರುತ್ತಿತ್ತು: ನಿನ್ನೆ ಎಷ್ಟು ಮೆಟ್ಟಿಲು ಕಂಡವು, ಇಂದು ಎಷ್ಟು. ಆರಂಗುಲದ ಕೊಳವೆಯಲ್ಲಿ ಮೆಟ್ಟಿಲಿಲ್ಲ.

ನೀರು ತೋರಿಸುವ ಮನುಷ್ಯನಿಗೆ ಮರಾಠಿಯಲ್ಲಿ ಪಾಣಾಡ್ಯಾ ಎಂಬ ಚೊಕ್ಕ ಪದವಿದೆ. ಕನ್ನಡದಲ್ಲಿ ನೀರು ನೋಡುವವರು ಎಂದು ಎರಡು ಪದ ಬೇಕು. ಅಂಗೈಯಲ್ಲಿ ತೆಂಗಿನಕಾಯಿ, ಕೈಯಲ್ಲಿ ಬೇವಿನ ಕವಲುಕಡ್ಡಿ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಶ್ಲಂಬರ್ಜೆಯ ಸಲಾಕೆಗಳನ್ನು ತೆಂಗಿನಕಾಯಿಯ ಹಾಗೆ ಬಳಸಿದರೆ, ಅಂದರೆ ಒಂದು ಸಂಜೆ, ಒಂದು ಗುರುತು, ಒಂದು ನಂಬಿಕೆಯಷ್ಟಕ್ಕೆ ಮುಗಿಸಿದರೆ, ಆ ವಿಜ್ಞಾನಿಯ ಅರ್ಧ ವಿದ್ಯೆಯನ್ನಷ್ಟೇ ನಾವು ತಂದುಕೊಂಡಂತಾಯಿತು. ಒಮ್ಮೆ ಅಳೆದು ತೀರ್ಪು ಕೊಡುವುದಲ್ಲ, ಮತ್ತೆ ಮತ್ತೆ ಅಳೆದು ಬದಲಾವಣೆಯನ್ನು ಗಮನಿಸುವುದು ಉಳಿದ ಅರ್ಧ.

ಕಾನ್ರಾಡರು ಕೊನೆಯ ವರ್ಷಗಳಲ್ಲಿ ಸೋವಿಯತ್ ದೇಶಕ್ಕೆ ಹಲವು ಬಾರಿ ಹೋಗಿಬಂದರು. ಗ್ರೋಜ್ನಿ, ಬಾಕುಗಳ ತೈಲಕ್ಷೇತ್ರಗಳಲ್ಲಿ ಅವರ ತಂಡಗಳು ದುಡಿಯುತ್ತಿದ್ದವು. ಆ ಸಮಾಜದ ಬಗ್ಗೆ ಅವರಿಗೆ ಭರವಸೆಯೂ ಇತ್ತು. ಅಲ್ಲಿಂದ ಮರಳುವಾಗ 1936ರ ಮೇ 9ರಂದು ಸ್ಟಾಕ್‌ಹೋಮಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 57. ಕಂಪನಿಯ ಹೊಣೆ ಮಾರ್ಸೆಲರ ಹೆಗಲಿಗೆ ಬಂತು. ಹರಿಯುವ ನೀರಿನ ಸಹಜ ವಿದ್ಯುತ್ತನ್ನು ಮುಂದೆ ಶ್ರದ್ಧೆಯಿಂದ ಬೆನ್ನಟ್ಟಿದವರಲ್ಲಿ ಸೋವಿಯತ್ ವಿಜ್ಞಾನಿಗಳಾದ ಓಗಿಲ್ವಿ, ಬೊಗೊಸ್ಲೋವ್‌ಸ್ಕಿ ಪ್ರಮುಖರು. ಜಲಾಶಯಗಳಿಂದ ನೀರು ಸೋರುವ ಕಡೆ ನೆಲ ಋಣವಾಗುವುದನ್ನೂ ನೀರೆತ್ತುವ ಬಾವಿಯ ಬಳಿ ಧನವಾಗುವುದನ್ನೂ ಅವರು 1960ರ ದಶಕದ ಕೊನೆ ಮತ್ತು 1970ರ ದಶಕದ ಮೊದಲ ವರ್ಷಗಳಲ್ಲಿ ಅಳೆದು ಪ್ರಕಟಿಸಿದರು. ತುಂಗಭದ್ರಾ ಕೆಳದಂಡೆ ಕಾಲುವೆ ಹಾದುಹೋಗುವ ನಮ್ಮ ಸೀಮೆಗೆ ಈ ಮೊದಲನೆಯದೂ ಉಪಯೋಗಕ್ಕೆ ಬಾರದ್ದೇನಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ದುಬಾರಿಯಲ್ಲ. ಹೊಳಪು ಕೊಡದ ಎರಡು ಸುಡುಮಣ್ಣಿನ ಕುಡಿಕೆ, ಮೈಲುತುತ್ತ, ತಾಮ್ರದ ಕಡ್ಡಿ, ಉದ್ದನೆಯ ತಂತಿ, ಮಿಲಿವೋಲ್ಟು ತೋರಿಸುವ ಮೀಟರು. ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕುಡಿಕೆಯೊಂದನ್ನು ಬಿಟ್ಟು ಉಳಿದವೆಲ್ಲ ಇರುವಂಥವೇ. ಕುಡಿಕೆ ಕುಂಬಾರರಲ್ಲಿ ಸಿಗುತ್ತದೆ. ಆಲೂರು, ಹೊಳಗುಂದ ಕಡೆಯಿಂದ ಬರುವ ವಿಜ್ಞಾನ ವಿದ್ಯಾರ್ಥಿಗಳು ತಮ್ಮ ಮನೆಯ ಬೋರಿನ ಬಳಿ ಒಂದು ಕುಡಿಕೆ, ದೂರದ ಬದುವಿನಲ್ಲಿ ಇನ್ನೊಂದು ಇಟ್ಟು, ಮೋಟಾರು ಹಾಕುವ ಮುನ್ನ, ಹಾಕಿದ ಮೇಲೆ, ನಿಲ್ಲಿಸಿದ ಮೇಲೆ ಅಂಕಿ ಬರೆದಿಡಬಹುದು. ಕಬ್ಬಿಣದ ಕೇಸಿಂಗ್ ಇರುವ ಬೋರು ಬೇಡ; ತುಕ್ಕು ಹಿಡಿಯುವ ಕಬ್ಬಿಣವೇ ವಿದ್ಯುತ್ತು ಹುಟ್ಟಿಸಿ ಲೆಕ್ಕ ಕೆಡಿಸುತ್ತದೆ. ಮೋಟಾರಿನ ಅರ್ಥಿಂಗ್ ತಂತಿಯಿಂದಲೂ ದೂರವಿರಬೇಕು. ನೀರು ಸವುಳಾಗಿದ್ದರೆ ಗುರುತು ತೀರ ಕ್ಷೀಣವಾಗುತ್ತದೆ; ಸಿಹಿನೀರಿನ ಬಾವಿಯನ್ನೇ ಆರಿಸಿಕೊಳ್ಳುವುದು ಲೇಸು. ಕುಡಿಕೆಗಳನ್ನು ನೆರಳಿನಲ್ಲಿ ಅಂಗೈ ಆಳಕ್ಕೆ ಹೂತು, ಅರ್ಧ ಗಂಟೆ ಹಾಗೆಯೇ ಬಿಟ್ಟು, ಅಂಕಿ ನಿಂತ ಮೇಲೆ ಓದತಕ್ಕದ್ದು. ಪ್ರತಿ ಅಂಕಿಯ ಪಕ್ಕದಲ್ಲಿ ದಿನ ಮತ್ತು ಗಂಟೆ ಇರಲಿ. ಮಳೆ ಬಿದ್ದಿದ್ದರೆ ಅದನ್ನೂ ಬರೆಯಿರಿ.